ಬಾವಿಗೂ ಒಂದು ಲೆಕ್ಕಪುಸ್ತಕ

ಜರ್ಮನಿಯ ಮ್ಯೂನಿಕ್ ನಗರ ನಿಂತಿರುವುದು ಜಲ್ಲಿಕಲ್ಲಿನ ದಪ್ಪ ಹಾಸಿನ ಮೇಲೆ. ಮೇಲೆ ಹಿಮ ಸುರಿಯುತ್ತಿದ್ದರೂ ಆ ಜಲ್ಲಿಯೊಳಗಿನ ನೀರು ಹತ್ತು ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಒಂದು ಬಾವಿಯಿಂದ ಆ ನೀರನ್ನೆತ್ತಿ, ಹೀಟ್ ಪಂಪಿನಲ್ಲಿ ಅದರ ಶಾಖವನ್ನಷ್ಟೇ ತೆಗೆದುಕೊಂಡು, ತಣಿದ ನೀರನ್ನು ಇನ್ನೊಂದು ಬಾವಿಯಲ್ಲಿ ಇಂಗಿಸಿ ಅಲ್ಲಿ ಕಟ್ಟಡಗಳನ್ನು ಬೆಚ್ಚಗಿಡುತ್ತಾರೆ. ಗಂಟೆಗೆ 2,000 ಲೀಟರ್ ನೀರು 4 ಡಿಗ್ರಿ ತಣಿದರೆ ಸುಮಾರು 9 ಕಿಲೋವಾಟ್ ಶಾಖ ಸಿಗುತ್ತದೆ. ಉಪಾಯ ಹೊಸದೇನಲ್ಲ, ಅಮೆರಿಕದ ಪೋರ್ಟ್‌ಲೆಂಡ್‌ನ ಈಕ್ವಿಟಬಲ್ ಕಟ್ಟಡ 1948ರಲ್ಲೇ ಬಾವಿ ನೀರು ಮತ್ತು ಹೀಟ್ ಪಂಪನ್ನು ನೆಚ್ಚಿಕೊಂಡಿತ್ತು. ಆದರೆ ಕೊಳ್ಳುವವರ ಗಮನವೆಲ್ಲ ಯಂತ್ರದ ದಕ್ಷತೆಯ ಮೇಲೆ. ಬಾವಿ ಒಮ್ಮೆ ಕೊರೆಸಿ ಮರೆಯುವ ತೂತು. ನನ್ನ ಪ್ರಕಾರ ಇದು ತಲೆಕೆಳಗಾದ ಲೆಕ್ಕ: ಇಡೀ ವ್ಯವಸ್ಥೆಯಲ್ಲಿ ಸದ್ದಿಲ್ಲದೆ ಕೆಡುವ ಭಾಗ ಬಾವಿಯೇ.

ನೀರು ತಿಳಿಯಾಗಿದೆಯಲ್ಲ, ಕಟ್ಟಿಕೊಳ್ಳಲು ಏನಿದೆ ಎಂದು ಕೇಳಬಹುದು. ತಿಳಿನೀರೇ ಇಲ್ಲಿ ಮೋಸ ಮಾಡುವುದು. ಆಮ್ಲಜನಕವಿಲ್ಲದ ಆಳದಲ್ಲಿ ಕಬ್ಬಿಣ ನೀರಲ್ಲಿ ಕರಗಿರುತ್ತದೆ, ಕಣ್ಣಿಗೆ ಕಾಣದು. ಅಂಥ ನೀರನ್ನು ಗಾಜಿನ ಲೋಟದಲ್ಲಿ ತುಂಬಿಟ್ಟರೆ ಕೆಲಹೊತ್ತಿನಲ್ಲಿ ಮಸುಕಾಗಿ, ಆಮೇಲೆ ತಳದಲ್ಲಿ ಕೆಂಗಂದು ಗಸಿ ಕೂರುತ್ತದೆ. ಮೇಲ್ಪದರದ ಆಮ್ಲಜನಕಭರಿತ ನೀರೂ ಕೆಳಪದರದ ಕಬ್ಬಿಣದ ನೀರೂ ಒಂದಾಗುವ ಬಾವಿಯ ಜಾಲರಿಯಲ್ಲಿ ನಡೆಯುವುದೂ ಇದೇ. ಗ್ಯಾಲಿಯೊನೆಲ್ಲಾದಂಥ ಕಬ್ಬಿಣಜೀವಿ ಬ್ಯಾಕ್ಟೀರಿಯಾಗಳು ಸೇರಿಕೊಂಡರೆ ಲೋಳೆಯೂ ತುಕ್ಕೂ ಕಲೆತು ಸೀಳುಗಳನ್ನು ಮುಚ್ಚುತ್ತವೆ. ಹೆಚ್ಚು ಏಟು ಬೀಳುವುದು ಇಂಗಿಸುವ ಬಾವಿಗೆ. ಬರುವ ನೀರಿನ ಮರಳು, ಗಸಿ, ಗಾಳಿಗುಳ್ಳೆ ಎಲ್ಲವೂ ಅಲ್ಲೇ ಸಿಕ್ಕಿಕೊಳ್ಳುತ್ತವೆ. ವಾಪಸಾಗುವ ಕೊಳವೆಯ ಬಾಯಿ ನೀರಿನ ಮಟ್ಟಕ್ಕಿಂತ ಮೇಲಿದ್ದು ನೀರು ಧುಮ್ಮಿಕ್ಕುತ್ತಿದ್ದರಂತೂ ಗಾಳಿಯನ್ನು ನಾವೇ ಕರೆದು ಕೂರಿಸಿದಂತೆ.

ರೋಗ ಪತ್ತೆಗೆ ಒಂದು ಸರಳ ಭಾಗಾಕಾರ ಸಾಕು: ಎತ್ತುವ ನೀರಿನ ಪ್ರಮಾಣವನ್ನು ಮಟ್ಟ ಎಷ್ಟು ಮೀಟರ್ ಇಳಿಯಿತೋ ಅದರಿಂದ ಭಾಗಿಸಬೇಕು. ಮೊದಲ ದಿನ ಗಂಟೆಗೆ 6,000 ಲೀಟರ್ ಎತ್ತಿದಾಗ ಮಟ್ಟ 1 ಮೀಟರ್ ಇಳಿದಿತ್ತು, ಈಗ ಅಷ್ಟೇ ನೀರಿಗೆ ಒಂದೂವರೆ ಮೀಟರ್ ಇಳಿಯುತ್ತದೆ ಎನ್ನೋಣ. ಬಾವಿಯ ಮೂರನೇ ಒಂದು ಪಾಲು ಶಕ್ತಿ ಹೋಯಿತು. ಮನೆ ಮಾತ್ರ ಇನ್ನೂ ಬೆಚ್ಚಗೇ ಇದೆ, ಹಾಗಾಗಿ ಯಾರಿಗೂ ಗೊತ್ತಾಗಿಲ್ಲ. ನೀರು ಕಡಿಮೆಯಾದದ್ದಕ್ಕೆಲ್ಲ ಬಾವಿಯನ್ನೇ ದೂರುವುದೂ ತಪ್ಪು. ನೀರು ಕಡಿಮೆ ಬರುತ್ತಿದ್ದರೂ ಬಾವಿಯ ಮಟ್ಟ ಹೆಚ್ಚು ಇಳಿಯದಿದ್ದರೆ ಅನುಮಾನ ಪಂಪ್, ಕೊಳವೆ, ಫಿಲ್ಟರ್‌ಗಳ ಮೇಲೆ. ಪಂಪ್ ನಿಂತಾಗಲೂ ಮಟ್ಟ ಕೆಳಗೇ ಇದ್ದರೆ ಅಂತರ್ಜಲವೇ ಇಳಿದಿದೆ. ಪಕ್ಕದ ವೀಕ್ಷಣಾ ಕೊಳವೆಯಲ್ಲಿ ಮೊದಲಿನಂತೆಯೇ ಇದ್ದು ಬಾವಿಯೊಳಗೆ ಮಾತ್ರ ಮಟ್ಟ ಕುಸಿದರೆ ಜಾಲರಿ ಕಟ್ಟಿದೆ ಎನ್ನಬಹುದು. ಇಂಗಿಸುವ ಬಾವಿಯಲ್ಲಿ ಇದು ತಿರುಗುಮುರುಗು, ಅಲ್ಲಿ ಮಟ್ಟ ಏರುತ್ತದೆ. ಕ್ಯಾಮೆರಾ ಇಳಿಸುವುದು ಇದಾದ ಮೇಲೆ.

ಇಷ್ಟೆಲ್ಲ ಅಳತೆಗೆ ಖರ್ಚು ಯಾರು ಮಾಡುತ್ತಾರೆ, ಕೆಟ್ಟಾಗ ತೊಳೆಸಿದರಾಯಿತು ಎಂಬ ವಾದವಿದೆ. ಪುಟ್ಟ ಮನೆಯ ಮಟ್ಟಿಗೆ ಅದನ್ನು ತಳ್ಳಿಹಾಕುವಂತಿಲ್ಲ. ಅಲ್ಲಿ ವರ್ಷಕ್ಕೊಮ್ಮೆ ಟೇಪು ಇಳಿಸಿ ಬರೆದಿಟ್ಟರೂ ನಡೆದೀತು. ಆದರೆ ಕಾದು ತೊಳೆಸುವುದರಲ್ಲಿ ಉಳಿತಾಯವಿಲ್ಲ. ಹೊಸ ಗಸಿ ಮೆತ್ತಗಿರುತ್ತದೆ. ಬ್ರಷ್ ಆಡಿಸಿ, ಒತ್ತಡದ ನೀರು ಹಾಯಿಸಿ, ಕೊಳೆಯನ್ನು ಪಂಪಿನಿಂದ ಹೊರಗೆಳೆದರೆ ಸಾಮಾನ್ಯವಾಗಿ ಬಿಡುತ್ತದೆ. ಹಳೆಯದು ಗಟ್ಟಿಯಾಗಿ ಜಾಲರಿಯಾಚೆಯ ಜಲ್ಲಿಗೂ ಹಬ್ಬಿರುತ್ತದೆ. ಆಗ ಆಮ್ಲ ಬೇಕು, ಆಮ್ಲಕ್ಕೆ ಜಲ ಇಲಾಖೆಯ ಅನುಮತಿ ಬೇಕು, ಹೊರಬಂದ ನೀರನ್ನು ತಟಸ್ಥಗೊಳಿಸಿ ಸಾಗಿಸಬೇಕು. ಅದೂ ಫಲಿಸದೆ ಹೊಸ ಬಾವಿ ಕೊರೆದರೂ ಅದಕ್ಕೆ ಬರುವುದು ಅದೇ ಕಬ್ಬಿಣದ ನೀರು. ತೊಳೆದ ಮೇಲೆ ಅದೇ ಭಾಗಾಕಾರವನ್ನು ಮತ್ತೆ ಮಾಡಿ ನೋಡಬೇಕು. ಮೊದಲ ದಿನದ ಅಂಕಿ ಬರೆದಿಟ್ಟಿರದಿದ್ದರೆ ತೊಳೆದವರ ಬಿಲ್ಲನ್ನು ನಂಬುವುದಷ್ಟೇ ಉಳಿಯುತ್ತದೆ.