ಮ್ಯೂಸಿಕಲ್ ಥಿಯೇಟರ್ ಆಡಿಷನ್: ಮನೆಯವರ ಪಾಲಿನ ಕೆಲಸ

ಅಮೆರಿಕದ ಕನ್ನಡ ಮನೆಗಳಲ್ಲಿ ಹೈಸ್ಕೂಲು ಮುಗಿಸುವ ಮಕ್ಕಳು ಹೆಚ್ಚಾಗಿ ಕಂಪ್ಯೂಟರ್ ಸೈನ್ಸ್ ಅನ್ನುತ್ತಾರೆ, ಇಲ್ಲವೇ ಡಾಕ್ಟರ್ ಅನ್ನುತ್ತಾರೆ. ನಡುವೆ ಎಲ್ಲೋ ಒಬ್ಬಳು ‘ನಾನು ಮ್ಯೂಸಿಕಲ್ ಥಿಯೇಟರ್ ಓದ್ತೀನಿ’ ಎಂದುಬಿಡುತ್ತಾಳೆ. ಓದಲೋ ಬೇಡವೋ ಎಂಬ ಚರ್ಚೆ ನಿಮ್ಮ ಮನೆಗೆ ಬಿಟ್ಟದ್ದು. ಓದಲಿ ಎಂದು ಒಪ್ಪಿದ ಮೇಲೆ ಮುಂದೇನು ಎಂಬುದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಹಾಡು, ಕುಣಿತ, ಅಭಿನಯ ಮೂರೂ ಸೇರಿ ಕಥೆ ಹೇಳುವ ನಾಟಕ ಮ್ಯೂಸಿಕಲ್. ಕಂಪನಿ ನಾಟಕ ನೋಡಿ ಬೆಳೆದ ಅಜ್ಜಿಗೆ ಇದನ್ನು ವಿವರಿಸುವುದು ಸುಲಭ, ಅಪ್ಪನಿಗೇ ಕಷ್ಟ. ಇದನ್ನು ಕಲಿಸುವ ಮುಖ್ಯ ಪದವಿ ಬಿ.ಎಫ್.ಎ., ಅಂದರೆ ಬ್ಯಾಚುಲರ್ ಆಫ್ ಫೈನ್ ಆರ್ಟ್ಸ್. ನಾಲ್ಕು ವರ್ಷ, ದಿನದ ಹೆಚ್ಚು ಹೊತ್ತು ಸ್ಟುಡಿಯೋದಲ್ಲೇ. ಬಿ.ಎ. ತೆಗೆದುಕೊಂಡರೆ ಬೇರೆ ವಿಷಯಗಳಿಗೂ ಜಾಗ ಸಿಗುತ್ತದೆ. ಕಾರ್ನೆಗಿ ಮೆಲನ್‌ನಲ್ಲಿ ನಾಟಕದ ಪದವಿ 1914ರಲ್ಲೇ ಶುರುವಾಯಿತು. ಸಿನ್ಸಿನಾಟಿ ವಿಶ್ವವಿದ್ಯಾಲಯದ ಸಂಗೀತ ಕಾಲೇಜು 1968ರಿಂದ ಮ್ಯೂಸಿಕಲ್ ಥಿಯೇಟರ್ ಕಲಿಸುತ್ತಿದೆ. ಮಿಷಿಗನ್, ನ್ಯೂಯಾರ್ಕ್ ಯೂನಿವರ್ಸಿಟಿ, ಪೆನ್ ಸ್ಟೇಟ್, ಇಥಾಕಾ, ಬೋಸ್ಟನ್ ಕನ್ಸರ್ವೇಟರಿ ಹೆಸರುಗಳೂ ಬೇಗನೆ ನಿಮ್ಮ ಕಿವಿಗೆ ಬೀಳುತ್ತವೆ.

ಇಲ್ಲಿ ಅಂಕ ಚೆನ್ನಾಗಿದ್ದರೆ ಸೀಟು ಸಿಗುತ್ತದೆ ಎಂಬ ಲೆಕ್ಕ ನಡೆಯುವುದಿಲ್ಲ. ಕಾಲೇಜಿನ ಪ್ರವೇಶ ವಿಭಾಗ ಒಪ್ಪಬೇಕು, ನಾಟಕ ವಿಭಾಗವೂ ಬೇರೆಯಾಗಿ ಒಪ್ಪಬೇಕು. ಒಂದು ಬ್ಯಾಚಿನಲ್ಲಿ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ಚಿಲ್ಲರೆ ಸೀಟು. ಹೆಸರಾದ ಕಾಲೇಜಿಗೆ ಸಾವಿರಕ್ಕೂ ಮೀರಿ ಅರ್ಜಿ ಬರುತ್ತವೆ. ಹಾಗಾಗಿ ಒಬ್ಬೊಬ್ಬರು ಹತ್ತು, ಹದಿನೈದು ಕಡೆ ಅರ್ಜಿ ಹಾಕುವುದು ಇಲ್ಲಿ ಮಾಮೂಲು. ಅಲ್ಲಿ ಯಾರೂ ರ‍್ಯಾಂಕ್ ಪಟ್ಟಿ ಮಾಡುವುದಿಲ್ಲ. ನಾಟಕ ಕಂಪನಿಯ ಯಜಮಾನರು ತಂಡ ಕಟ್ಟಿದ ಹಾಗೆ, ಎತ್ತರದ ದನಿ ಇಷ್ಟು, ಹಾಸ್ಯಕ್ಕೆ ಇಬ್ಬರು, ಚೆನ್ನಾಗಿ ಕುಣಿಯುವವರು ಇಷ್ಟು ಎಂದು ಆರಿಸುತ್ತಾರೆ. ನಿಮ್ಮ ಮಗಳು ಚೆನ್ನಾಗಿ ಹಾಡಿಯೂ ಆಯ್ಕೆಯಾಗದಿರಬಹುದು. ಅಂಥ ದನಿ ಆ ವರ್ಷ ಅವರಿಗೆ ಆಗಲೇ ಸಿಕ್ಕಿರುತ್ತದೆ. ಇದನ್ನು ಮನೆಯ ಹಿರಿಯರೆಲ್ಲ ಮೊದಲೇ ತಿಳಿದುಕೊಂಡರೆ ಮುಂದಿನ ಅರ್ಧ ತಾಪತ್ರಯ ತಪ್ಪುತ್ತದೆ.

ಕೆಲಸ ಹನ್ನೊಂದನೇ ತರಗತಿಯ ಕೊನೆಗೆ ಶುರು. ಆಗ ಹಾಡು, ಮೊನೊಲಾಗ್ ಆರಿಸಿಕೊಳ್ಳಬೇಕು. ಮೊನೊಲಾಗ್ ಎಂದರೆ ನಾಟಕವೊಂದರಿಂದ ಒಂದೇ ಪಾತ್ರ ಆಡುವ ಮಾತು, ಒಂದು ನಿಮಿಷದ ಆಸುಪಾಸು. ಹಾಡುಗಳು ಒಂದಕ್ಕೊಂದು ಬೇರೆ ಬಗೆಯವಾಗಿರಬೇಕು. ‘ಗೋಲ್ಡನ್ ಏಜ್’ ಹಾಡು ಒಂದಿರಲಿ ಎಂದು ಹಲವರು ಕೇಳುತ್ತಾರೆ. 1943ರ ‘ಒಕ್ಲಹೋಮಾ!’ದಿಂದ ಅರವತ್ತರ ದಶಕದವರೆಗಿನ ಮ್ಯೂಸಿಕಲ್‌ಗಳಿಗೆ ಆ ಹೆಸರು. ಇನ್ನೊಂದು ಈಚಿನದು.

ಬೇಸಿಗೆ ಕಳೆದ ಮೇಲೆ ಪ್ರೀಸ್ಕ್ರೀನ್. ನೇರವಾಗಿ ಕರೆಯುವ ಮೊದಲು ವಿಡಿಯೋ ನೋಡಿ ಸೋಸುವ ಹಂತ ಇದು. ಗಡುವು ಹೆಚ್ಚಾಗಿ ಸೆಪ್ಟೆಂಬರಿನಿಂದ ಡಿಸೆಂಬರಿನ ಮೊದಲ ವಾರದೊಳಗೆ. ಎರಡು ಹಾಡಿನ ತುಣುಕು, ಮೊನೊಲಾಗ್, ಒಂದು ಕುಣಿತ, ಕೆಲವೆಡೆ ‘ವೈಲ್ಡ್ ಕಾರ್ಡ್’, ಅಂದರೆ ನಿಮ್ಮಿಷ್ಟದ್ದು ಏನಾದರೂ ಒಂದು. ಹಾಡಿನ ತುಣುಕು ಒಂದೂವರೆ ನಿಮಿಷ ದಾಟುವುದು ಕಡಿಮೆ. ಎಲ್ಲರೂ ಬೇರೆಬೇರೆ ಕೇಳಿದರೆ ಮಕ್ಕಳು ಸೋತುಹೋಗುತ್ತಾರೆಂದು ಹಲವು ಕಾಲೇಜುಗಳು ‘ಕಾಮನ್ ಪ್ರೀಸ್ಕ್ರೀನ್’ ಎಂಬ ಒಂದೇ ಮಾದರಿಗೆ ಒಪ್ಪಿವೆ. ಆದರೂ ಸಣ್ಣಪುಟ್ಟ ವ್ಯತ್ಯಾಸ ಇದ್ದೇ ಇರುತ್ತದೆ. ಪ್ರತಿ ಕಾಲೇಜಿನ ಪುಟ ಓದಿ ಒಂದು ಎಕ್ಸೆಲ್ ಹಾಳೆಯಲ್ಲಿ ಬರೆದಿಡಿ. ಈ ಕೆಲಸ ಅಪ್ಪಂದಿರಿಗೆ ಹೇಳಿ ಮಾಡಿಸಿದ್ದು.

ವಿಡಿಯೋಗೆ ದುಬಾರಿ ಕ್ಯಾಮೆರಾ ಬೇಡ. ಫೋನ್ ಸಾಕು, ಅಡ್ಡವಾಗಿ ಟ್ರೈಪಾಡಿನ ಮೇಲೆ ನಿಲ್ಲಿಸಿ. ಬೆಳಕು ಮುಖದ ಕಡೆಯಿಂದ ಬರಲಿ, ಹಿಂದೆ ಖಾಲಿ ಗೋಡೆ ಇರಲಿ. ಪಿಯಾನೋ ಟ್ರ್ಯಾಕ್ ನುಡಿಸುವ ಸ್ಪೀಕರನ್ನು ಫೋನಿನ ಪಕ್ಕ ಇಟ್ಟರೆ ಹಾಡು ಮುಳುಗಿಹೋಗುತ್ತದೆ. ಅದನ್ನು ಫೋನಿನಿಂದ ದೂರ, ಹಾಡುವವರ ಹತ್ತಿರ ಇಡಿ. ಶುರುವಿನಲ್ಲಿ ಹೆಸರು, ಹಾಡು, ಅದು ಯಾವ ನಾಟಕದ್ದು ಎಂದು ಹೇಳುವುದಕ್ಕೆ ‘ಸ್ಲೇಟ್’ ಎನ್ನುತ್ತಾರೆ. ನಡುವೆ ಕತ್ತರಿಸಿ ಅಂಟಿಸುವಂತಿಲ್ಲ. ಇನ್ನೊಂದು ಟೇಕ್, ಇನ್ನೊಂದು ಟೇಕ್ ಎಂದು ರಾತ್ರಿಯವರೆಗೆ ಹಾಡಿಸಬೇಡಿ. ಗಂಟಲು ದಣಿದ ಮೇಲಿನ ಟೇಕ್ ಮೊದಲಿನದಕ್ಕಿಂತ ಚೆನ್ನಾಗಿ ಬರುವುದಿಲ್ಲ.

‘ನಮ್ಮವಳು ಚಿಕ್ಕಂದಿನಿಂದ ಕರ್ನಾಟಕ ಸಂಗೀತ, ಭರತನಾಟ್ಯ ಕಲಿತಿದ್ದಾಳೆ, ಸಾಲದೇ?’ ಎಂದು ಕೇಳುವವರಿದ್ದಾರೆ. ಶ್ರುತಿ, ಲಯ, ಅಭಿನಯ ಖಂಡಿತ ಕೈಹಿಡಿಯುತ್ತವೆ. ಆದರೆ ಸ್ಟಾಫ್ ನೊಟೇಶನ್, ಅಂದರೆ ಗೆರೆಗಳ ಮೇಲೆ ಬರೆದ ಪಾಶ್ಚಾತ್ಯ ಸ್ವರಲಿಪಿ, ಓದಲು ಬರಬೇಕು. ಬೆಲ್ಟಿಂಗ್ ಎಂಬ ತುಂಬುದನಿಯ ಗಾಯನವನ್ನು ಗಂಟಲಿಗೆ ಪೆಟ್ಟಾಗದಂತೆ ಕಲಿಯಬೇಕು. ಬ್ಯಾಲೆ, ಜಾಝ್ ಪಾಠ ಒಂದೆರಡು ವರ್ಷವಾದರೂ ಬೇಕು. ಜತಿ, ಕೊನ್ನಕೋಲು ವೈಲ್ಡ್ ಕಾರ್ಡಿಗೆ ಹೇಳಿಮಾಡಿಸಿದವು. ಬೇರೆ ಮಕ್ಕಳ ಹತ್ತಿರ ಅವು ಇರುವುದು ಅಪರೂಪ.

ವಿಡಿಯೋ ದಾಟಿದವರಿಗೆ ಜನವರಿ, ಫೆಬ್ರವರಿಯಲ್ಲಿ ಆಡಿಷನ್. ಕಾಲೇಜಿಗೇ ಹೋಗಬಹುದು. ಇಲ್ಲವೇ ಹಲವು ಕಾಲೇಜುಗಳು ಒಂದೇ ಊರಿನಲ್ಲಿ ಸೇರುವ ‘ಯುನಿಫೈಡ್ಸ್’ಗೆ ಹೋಗಬಹುದು. ನ್ಯೂಯಾರ್ಕ್, ಷಿಕಾಗೊ, ಲಾಸ್ ಏಂಜಲಿಸ್ ಇದಕ್ಕೆ ಹೆಸರಾದ ಊರುಗಳು. ಕೋವಿಡ್ ನಂತರ ಆನ್‌ಲೈನ್ ಆಡಿಷನ್ನೂ ಸಾಕಷ್ಟು ಕಡೆ ಇದೆ. ಷಿಕಾಗೊದಲ್ಲಿ ಆ ಹೊತ್ತಿಗೆ ಹಿಮ ಬಿದ್ದು ವಿಮಾನ ರದ್ದಾಗುವುದು ಹೊಸತೇನಲ್ಲ. ಹಿಂದಿನ ದಿನವೇ ತಲುಪಿ. ಹಾಡಿನ ಸ್ವರಲಿಪಿ ಹಾಕಿದ ಬೈಂಡರ್, ಡ್ಯಾನ್ಸ್ ಶೂ ಕೈಚೀಲದಲ್ಲೇ ಇರಲಿ.

ಒಳಗೆ ನಡೆಯುವುದು ಇಷ್ಟು. ಮೇಜಿನ ಹಿಂದೆ ಇಬ್ಬರೋ ಮೂವರೋ ಮೇಷ್ಟ್ರುಗಳು. ಮೂಲೆಯಲ್ಲಿ ಪಿಯಾನೋ, ನುಡಿಸಲು ಅವರೇ ಗೊತ್ತು ಮಾಡಿದ ಕಲಾವಿದರು. ಹುಡುಗಿ ಮೊದಲು ಅವರ ಬಳಿ ಹೋಗಿ ಬೈಂಡರ್ ತೆರೆದು, ಎಲ್ಲಿಂದ ಎಲ್ಲಿಗೆ ಎಂದು ತೋರಿಸಿ, ಗತಿಯನ್ನು ಮೆಲ್ಲಗೆ ಗುನುಗಿ ತಿಳಿಸಬೇಕು. ಚಿಟಿಕೆ ಹೊಡೆದು ತೋರಿಸುವುದು ಅವರಿಗೆ ಅವಮಾನ ಮಾಡಿದ ಹಾಗೆ. ಬೈಂಡರಿನ ಹಾಳೆಗಳು ಹೊಳೆಯುವ ಪ್ಲಾಸ್ಟಿಕ್ಕಿನೊಳಗಿದ್ದರೆ ದೀಪ ಬಿದ್ದು ಸ್ವರ ಕಾಣುವುದಿಲ್ಲ, ಬರಿಯ ಹಾಳೆಯನ್ನೇ ಹಾಕಿ. ಹಾಡು, ಮೊನೊಲಾಗ್, ನಾಲ್ಕು ಮಾತು, ಆಮೇಲೆ ಒಂದು ಥ್ಯಾಂಕ್ಯೂ. ಬೇಗ ಕಳಿಸಿದರೆಂದರೆ ಬೇಡವಾಯಿತು ಎಂದರ್ಥವಲ್ಲ. ಬೇರೆ ಹೊತ್ತಿಗೆ ಡ್ಯಾನ್ಸ್ ಕಾಲ್ ಇರುತ್ತದೆ. ಎದೆಗೆ ನಂಬರ್ ಚೀಟಿ ಸಿಕ್ಕಿಸಿಕೊಂಡ ಗುಂಪಿಗೆ ಅಲ್ಲೇ ಕುಣಿತ ಕಲಿಸಿ, ಸಣ್ಣ ಸಣ್ಣ ತಂಡ ಮಾಡಿ ಕುಣಿಸುತ್ತಾರೆ. ಒಂದು ಹೆಜ್ಜೆ ತಪ್ಪಿದರೂ ನಿಲ್ಲಿಸದೆ ಮುಂದುವರಿಸುವವರನ್ನು ಅವರು ಗಮನಿಸುತ್ತಾರೆ.

ಆ ಹೊತ್ತಿನಲ್ಲಿ ಅಪ್ಪ ಅಮ್ಮ ಹೊರಗೆ. ಕೆಲವು ಕಾಲೇಜು ಪೋಷಕರಿಗೆಂದೇ ಒಂದು ಸಭೆ ಇಡುತ್ತವೆ. ಅಲ್ಲಿ ಎರಡು ಪ್ರಶ್ನೆ ಕೇಳಿ. ಒಂದೆರಡು ವರ್ಷದ ನಂತರ ಕೆಲವರನ್ನು ಕೈಬಿಡುವ ‘ಕಟ್’ ಪದ್ಧತಿ ಇದೆಯೇ? ಕೊನೆಯ ವರ್ಷ ಏಜೆಂಟರ ಮುಂದೆ ಪ್ರದರ್ಶನ, ಅಂದರೆ ‘ಶೋಕೇಸ್’, ಮಾಡಿಸುತ್ತೀರಾ? ಮಗಳು ಹೊರಬಂದಾಗ ‘ಹೇಗಾಯ್ತು?’ ಅನ್ನಬೇಡಿ. ಅದಕ್ಕೆ ಅವಳ ಬಳಿಯೂ ಉತ್ತರವಿಲ್ಲ. ‘ಏನು ತಿಂತೀಯಾ?’ ಎಂದು ಕೇಳಿ, ಉಳಿದದ್ದು ತಾನೇ ಬರುತ್ತದೆ. ಮನೆಯಲ್ಲಿ ತೀರ್ಪು ಹೇಳುವವರು ಬೇಕಿಲ್ಲ, ಕಾಲೇಜಿನವರು ಸಾಕಷ್ಟು ಹೇಳುತ್ತಾರೆ. ಟಿಕೆಟ್, ಹೋಟೆಲ್, ದುಡ್ಡಿನ ಲೆಕ್ಕ ನಿಮ್ಮದು. ಕಾಲೇಜಿಗೆ ಇಮೇಲ್ ಬರೆಯುವುದು ಅವಳದು. ಯಾವ ಯಾವ ಕಾಲೇಜಿಗೆ ಹಾಕಿದ್ದೀರೆಂದು ಕನ್ನಡ ಕೂಟದಲ್ಲಿ ಹೇಳಿಕೊಂಡರೆ ಮಾರ್ಚ್ ತಿಂಗಳಿಡೀ ಕಂಡಕಂಡವರಿಗೆ ಉತ್ತರ ಕೊಡಬೇಕಾಗುತ್ತದೆ. ಅವಳ ತಮ್ಮನ ಹುಟ್ಟುಹಬ್ಬವನ್ನು ಮಾತ್ರ ಆಡಿಷನ್ನಿಗಾಗಿ ಮುಂದೂಡಬೇಡಿ.

ಖರ್ಚಿನ ಮಾತು. ಅರ್ಜಿ ಶುಲ್ಕ ಒಂದಕ್ಕೆ ಸುಮಾರು 50ರಿಂದ 90 ಡಾಲರ್. ವಿಡಿಯೋ ಕಳಿಸುವ ‘ಅಕ್ಸೆಪ್ಟ್‌ಡ್’ನಂಥ ತಾಣಗಳಲ್ಲಿ ಬೇರೆ ಶುಲ್ಕ ಬೀಳಬಹುದು. ಕೋಚ್ ಗಂಟೆಗೆ 100 ಡಾಲರ್ ಮೀರುವುದು ಸಾಮಾನ್ಯ. ನನ್ನ ಅಭಿಪ್ರಾಯ ಕೇಳಿದರೆ, ಕೋಚ್ ಬೇಕು, ಆದರೆ ಸಾವಿರಗಟ್ಟಲೆ ಡಾಲರಿನ ‘ಪ್ಯಾಕೇಜ್’ ಬೇಕಿಲ್ಲ. ಹಾಡು ಆರಿಸಲು, ವಿಡಿಯೋ ಮುಂಚೆ ಒಮ್ಮೆ, ಆಡಿಷನ್ ಮುಂಚೆ ಒಮ್ಮೆ ತೋರಿಸಿದರೂ ಆದೀತು. ಶಾಲೆಯ ಕಾಯಿರ್ ಟೀಚರ್, ಅಂದರೆ ಸಮೂಹ ಗಾಯನದ ಶಿಕ್ಷಕರು, ದುಡ್ಡಿಲ್ಲದೆ ಸಾಕಷ್ಟು ನೆರವಾಗುತ್ತಾರೆ. ಕೈ ಬಿಗಿಯಿದ್ದರೆ ಶುಲ್ಕ ಮನ್ನಾ ಕೇಳಿ, ನಾಚಿಕೆಯೇನಿಲ್ಲ. ದೊಡ್ಡ ಹೊರೆ ಇರುವುದು ಸೇರಿದ ಮೇಲೆ. ಹೆಸರಾದ ಖಾಸಗಿ ಕಾಲೇಜುಗಳಲ್ಲಿ ಊಟ ವಸತಿ ಸೇರಿ ವರ್ಷಕ್ಕೆ 80,000 ಡಾಲರ್ ದಾಟುತ್ತದೆ. ನಿಮ್ಮದೇ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಇದರ ಅರ್ಧಕ್ಕಿಂತ ಕಡಿಮೆಗೆ ಆಗಬಹುದು. ಪ್ರತಿ ಕಾಲೇಜಿನ ತಾಣದಲ್ಲೂ ‘ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್’ ಇರುತ್ತದೆ. ಪಟ್ಟಿ ಮಾಡುವ ಮೊದಲೇ ಅದರಲ್ಲಿ ನಿಮ್ಮ ಆದಾಯ ಹಾಕಿ ನೋಡಿ. ಕೈಗೆಟುಕದ ಕಾಲೇಜಿಗೆ ಆಯ್ಕೆಯಾದ ಮೇಲೆ ಬೇಡವೆನ್ನುವುದು ಇನ್ನೂ ಕಷ್ಟ.

ವೀಸಾ ಮೇಲಿರುವ ಮನೆಗಳಿಗೆ ಇನ್ನೊಂದು ಮಾತು, ಇದನ್ನು ಕೋಚ್‌ಗಳು ಹೇಳುವುದಿಲ್ಲ. ಹೆಚ್-4 ವೀಸಾದ ಮಕ್ಕಳಿಗೆ ಕೇಂದ್ರ ಸರ್ಕಾರದ ಶಿಕ್ಷಣ ನೆರವು ಸಿಗುವುದಿಲ್ಲ. ‘ಫಾಫ್ಸಾ’ ಅರ್ಜಿಯ ಮೂಲಕ ಸಿಗುವ ಆ ನೆರವು ಮುಖ್ಯವಾಗಿ ನಾಗರಿಕರಿಗೆ, ಗ್ರೀನ್ ಕಾರ್ಡ್ ಇರುವವರಿಗೆ. ಕಾಲೇಜೇ ಕೊಡುವ ಪ್ರತಿಭಾ ವೇತನಕ್ಕೆ ಈ ಅಡ್ಡಿ ಇರಬೇಕಿಲ್ಲ, ಕೇಳಿ. ಇಪ್ಪತ್ತೊಂದು ತುಂಬುವ ಹೊತ್ತಿಗೆ ಹೆಚ್-4 ಮುಗಿಯುತ್ತದೆ, ವಿದ್ಯಾರ್ಥಿ ವೀಸಾ ಎಫ್-1ಕ್ಕೆ ಬದಲಾಯಿಸಬೇಕು. ಓದು ಮುಗಿದ ಮೇಲೆ ಎಫ್-1ನಲ್ಲಿ ಕೆಲಸಕ್ಕೆ ಸಿಗುವ ಅವಧಿ 12 ತಿಂಗಳು. ಎಂಜಿನಿಯರಿಂಗ್ ಓದಿದವರಿಗೆ ಸಿಗುವ ಹೆಚ್ಚುವರಿ 24 ತಿಂಗಳು ಈ ಪದವಿಗಿಲ್ಲ. ಮಗಳಿಗೆ ಇದನ್ನು ಈಗಲೇ ಹೇಳಿ.

ಪಟ್ಟಿಯಲ್ಲಿ ಆಡಿಷನ್ ಇಲ್ಲದ ಒಂದೆರಡು ಬಿ.ಎ. ಕಾಲೇಜು ಇರಲೇಬೇಕು. ನಾರ್ತ್‌ವೆಸ್ಟರ್ನ್‌ನಂಥ ಕಡೆ ನಾಟಕ ವಿಭಾಗಕ್ಕೆ ಸೇರಲು ಆಡಿಷನ್ ಇಲ್ಲ. ಅಲ್ಲಿಯೂ ಅಂಕದ ಪೈಪೋಟಿ ಬಿಗಿಯಾದದ್ದೇ, ಅದನ್ನು ಸುಲಭದ ಸೀಟು ಎಂದುಕೊಳ್ಳಬೇಡಿ.

ಉತ್ತರಗಳು ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಒಂದೊಂದಾಗಿ ಬರುತ್ತವೆ, ಹೆಚ್ಚಿನವು ‘ಇಲ್ಲ’ ಎಂದೇ. ಇಮೇಲನ್ನು ಅವಳೇ ತೆರೆಯಲಿ, ಹೇಳಬೇಕೆನಿಸಿದಾಗ ಹೇಳಲಿ. ಎರಡು ಕಡೆ ‘ಹೌದು’ ಬಂದರೆ ಕಡಿಮೆ ನೆರವು ಕೊಟ್ಟ ಕಾಲೇಜಿಗೆ ಇನ್ನೊಂದರ ಪತ್ರ ತೋರಿಸಿ ಕೇಳಬಹುದು, ಕೆಲವೊಮ್ಮೆ ಹೆಚ್ಚಿಸುತ್ತಾರೆ. ಹೆಚ್ಚಿನ ಕಾಲೇಜುಗಳಿಗೆ ನಿರ್ಧಾರ ತಿಳಿಸಲು ಕೊನೆಯ ದಿನ ಮೇ 1. ಒಂದಕ್ಕೆ ಠೇವಣಿ ಕಟ್ಟಿದ ದಿನವೇ ಉಳಿದವಕ್ಕೆ ‘ಬರುವುದಿಲ್ಲ’ ಎಂದು ದಯವಿಟ್ಟು ಬರೆದು ತಿಳಿಸಿ. ವೇಟ್‌ಲಿಸ್ಟಿನಲ್ಲಿ ಕಾಯುತ್ತಿರುವ ಇನ್ನೊಬ್ಬರ ಮಗುವಿಗೆ ಆ ಸೀಟು ಹೋಗುತ್ತದೆ.