ಹೆಸರು ಕಳೆದುಕೊಂಡ ಹುಡುಗಿ

ಮನುಷ್ಯನ ಹಸಿವು ಎರಡು ಬಗೆಯದು. ಒಂದು ಹೊಟ್ಟೆಯ ಹಸಿವು. ಮತ್ತೊಂದು ಮನಸ್ಸಿನ ಹಸಿವು. ಹೊಟ್ಟೆಯ ಹಸಿವು ಮುಖದಲ್ಲಿ ಕಾಣುತ್ತದೆ, ಮೈಯಲ್ಲಿ ಕಾಣುತ್ತದೆ. ಕಂಡವರು ಮರುಗಿ ಒಂದು ತುತ್ತು ಅನ್ನ ನೀಡುತ್ತಾರೆ. ಅಕ್ಕರೆಗಾಗಿ ಹಸಿದ ಮನಸ್ಸಾದರೋ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಹೊತ್ತುಹೊತ್ತಿಗೆ ಉಂಡು, ಎಲ್ಲರಿಂದ ಗೌರವ ಪಡೆಯುತ್ತಿರುವ ಮಗುವೂ ಒಳಗೊಳಗೇ ಬರಗಾಲವನ್ನು ಅನುಭವಿಸುತ್ತಿರಬಹುದು. ಈ ಎರಡನೆಯ ಹಸಿವು ಒಂದು ಮಗುವನ್ನು ಏನು ಮಾಡುತ್ತದೆ, ಅದು ತೀರುವುದು ಹೇಗೆ ಎಂಬುದನ್ನು ಸೂಕ್ಷ್ಮವಾಗಿ ತೋರಿಸುವ ಕಾದಂಬರಿಯೊಂದು ಇಂಗ್ಲಿಷಿನಲ್ಲಿದೆ. ಅದರ ಹೆಸರು ‘ದಿ ಟೂಮ್ಸ್ ಆಫ್ ಅಟುವಾನ್’, ಎಂದರೆ ‘ಅಟುವಾನಿನ ಸಮಾಧಿಗಳು’.

ಇದನ್ನು ಬರೆದವರು ಅಮೆರಿಕದ ಲೇಖಕಿ ಅರ್ಸುಲ ಕೆ. ಲೆ ಗ್ವಿನ್ (1929–2018). ಪುಸ್ತಕ 1971ರಲ್ಲಿ ಪ್ರಕಟವಾಯಿತು. ‘ಅರ್ಥ್‌ಸೀ’ ಎಂಬ ಕಲ್ಪನಾಲೋಕವನ್ನು ಕುರಿತು ಅವರು ಬರೆದ ಕಾದಂಬರಿಗಳಲ್ಲಿ ಇದು ಎರಡನೆಯದು. ಸಾಗರದಲ್ಲಿ ಚೆಲ್ಲಿದಂತೆ ಹರಡಿಕೊಂಡ ಅಸಂಖ್ಯ ದ್ವೀಪಗಳು, ಮಾಂತ್ರಿಕರು, ಮಹಾಸರ್ಪಗಳು — ಇವು ಆ ಲೋಕದ ಸಾಮಗ್ರಿ. ಆ ಲೋಕಕ್ಕೆ ಒಂದು ವಿಶೇಷ ನಿಯಮವೂ ಉಂಟು. ಅಲ್ಲಿ ಪ್ರತಿಯೊಂದು ವಸ್ತುವಿಗೂ ಪ್ರತಿಯೊಬ್ಬ ವ್ಯಕ್ತಿಗೂ ಒಂದು ನಿಜವಾದ ಹೆಸರಿದೆ. ಆ ಹೆಸರೇ ಅವರ ಸತ್ತ್ವ. ಹೀಗಾಗಿ ಹೆಸರನ್ನು ಕಳೆದುಕೊಳ್ಳುವುದೆಂದರೆ ಅಲ್ಲಿ ತನ್ನನ್ನೇ ತಾನು ಕಳೆದುಕೊಂಡಂತೆ.

ಕಾದಂಬರಿ ಆರಂಭವಾಗುವುದು ಒಂದು ಸೇಬಿನ ತೋಟದಲ್ಲಿ. ಮುಸ್ಸಂಜೆಯ ಹೊತ್ತು, ಮರಗಳು ಇನ್ನೇನು ಹೂ ಬಿಡುವುದರಲ್ಲಿವೆ. ಪುಟ್ಟ ಹುಡುಗಿಯೊಬ್ಬಳು ಮರಗಳ ನಡುವೆ ಓಡಾಡುತ್ತಿದ್ದಾಳೆ. ತಾಯಿ ಮನೆಯ ಬಾಗಿಲಲ್ಲಿ ನಿಂತು ‘ತೆನಾರ್’ ಎಂದು ಕೂಗಿ ಕರೆಯುತ್ತಾಳೆ. ತಂದೆಯಾದರೋ ಹೆಂಡತಿಯನ್ನು ಆಕ್ಷೇಪಿಸುತ್ತಾನೆ. ಮುಂದಿನ ತಿಂಗಳು ಈ ಮಗುವನ್ನು ಕರೆದೊಯ್ಯಲು ಜನ ಬರುತ್ತಾರೆ. ಉಳಿಯದ ಮಗುವಿಗೆ ಮನಸ್ಸು ಕೊಟ್ಟು ಪ್ರಯೋಜನವೇನು ಎಂಬುದು ಅವನ ವಾದ. ಅವನು ದುಷ್ಟನಲ್ಲ. ಅಗಲಿಕೆಯ ನೋವನ್ನು ತಾಳಲಾರದೆ ಪ್ರೀತಿಯನ್ನೇ ಮೊದಲು ಮುರಿದುಕೊಳ್ಳಲು ಹೊರಟವನು. ಉಪೇಕ್ಷೆ ಯಾವಾಗಲೂ ದ್ವೇಷದಿಂದಲೇ ಹುಟ್ಟಬೇಕಾಗಿಲ್ಲ. ಕೆಲವೊಮ್ಮೆ ಅದು ಭಯದಿಂದಲೂ ದುಃಖದಿಂದಲೂ ಹುಟ್ಟುತ್ತದೆ. ಈ ಸತ್ಯವನ್ನು ಲೇಖಕಿ ಮೊದಲ ಪುಟಗಳಲ್ಲಿಯೇ ತೋರಿಸುತ್ತಾರೆ.

ತೆನಾರಳನ್ನು ಕರೆದೊಯ್ಯುವುದೇಕೆ? ಮರುಭೂಮಿಯಲ್ಲಿ ಪುರಾತನ ಸಮಾಧಿಗಳ ಒಂದು ಕ್ಷೇತ್ರವಿದೆ. ಅಲ್ಲಿ ‘ಹೆಸರಿಲ್ಲದವರು’ ಎಂಬ ಕತ್ತಲಿನ ಶಕ್ತಿಗಳ ಪೂಜೆ ನಡೆಯುತ್ತದೆ. ಅವುಗಳ ಪ್ರಧಾನ ಅರ್ಚಕಿ ಸತ್ತ ರಾತ್ರಿ ಹುಟ್ಟಿದ ಹೆಣ್ಣುಮಗುವೇ ಅವಳ ಮರುಜನ್ಮವೆಂದು ಅಲ್ಲಿನವರ ನಂಬಿಕೆ. ಅಂಥ ಮಗು ತೆನಾರ್. ಐದು ವರ್ಷ ತುಂಬಿದ ಮೇಲೆ ಅವಳನ್ನು ಆ ಕ್ಷೇತ್ರಕ್ಕೆ ತರುತ್ತಾರೆ. ಆರನೆಯ ವಯಸ್ಸಿನಲ್ಲಿ ಅವಳನ್ನು ಬಲಿ ಕೊಡುವಂತೆ ನಟಿಸುವ ಒಂದು ವಿಧಿ ನಡೆಯುತ್ತದೆ. ಕೊರಳ ಮೇಲೆ ಎತ್ತಿದ ಖಡ್ಗ ಕೆಳಗೆ ಬೀಳದೆ ನಿಲ್ಲುತ್ತದೆ. ಆದರೆ ಆ ಹೊತ್ತಿನಿಂದ ತೆನಾರ್ ಎಂಬ ಹೆಸರು ಇಲ್ಲವಾಗುತ್ತದೆ. ಇನ್ನು ಮೇಲೆ ಅವಳು ‘ಆರ್ಹಾ’, ಎಂದರೆ ‘ನುಂಗಲ್ಪಟ್ಟವಳು’. ತನ್ನದೆಂಬುದೆಲ್ಲವನ್ನೂ ದೇವತೆಗಳು ನುಂಗಿಬಿಟ್ಟರು ಎಂದೇ ಆ ಹುಡುಗಿ ಅಂದಿನಿಂದ ನಂಬಬೇಕು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಆ ಕ್ಷೇತ್ರದಲ್ಲಿ ಆರ್ಹಾಳಿಗೆ ಹೊಡೆಯುವವರು ಯಾರೂ ಇಲ್ಲ. ಊಟವಿದೆ, ಬಟ್ಟೆಯಿದೆ, ಪ್ರತ್ಯೇಕವಾದ ಮನೆಯಿದೆ. ದೊಡ್ಡವರೂ ಅವಳಿಗೆ ತಲೆಬಾಗುತ್ತಾರೆ. ಒಮ್ಮೆ ಅವಳೂ ಗೆಳತಿ ಪೆಂಥೆಯೂ ನಿಯಮ ಮೀರಿದಾಗ ಪೆಂಥೆಗೆ ಶಿಕ್ಷೆಯಾಗುತ್ತದೆ. ಆರ್ಹಾಳನ್ನು ಯಾರೂ ಮುಟ್ಟುವುದಿಲ್ಲ. ಮೇಲುನೋಟಕ್ಕೆ ಇದು ಗೌರವ. ನಿಜದಲ್ಲಿ ಇದೇ ಅವಳ ಶಿಕ್ಷೆ. ಗದರಿಸಿದ ಮೇಲೆ ಹತ್ತಿರಕ್ಕೆ ಕರೆದು ಕಣ್ಣೀರು ಒರೆಸುವವರು ಅವಳಿಗಿಲ್ಲ. ಇಂದು ಏನು ಕಂಡೆ, ಏಕೆ ಮಂಕಾಗಿರುವೆ ಎಂದು ವಿಚಾರಿಸುವವರೂ ಇಲ್ಲ. ಕ್ರೌರ್ಯವೆಂಬುದು ಮಾಡಬಾರದ್ದನ್ನು ಮಾಡುವುದು. ಉಪೇಕ್ಷೆಯೆಂಬುದು ಮಾಡಬೇಕಾದುದನ್ನು ಮಾಡದಿರುವುದು. ಮೊದಲನೆಯದು ಗಾಯವನ್ನು ಉಳಿಸುತ್ತದೆ. ಎರಡನೆಯದು ಬರಿದಾದ ಜಾಗವನ್ನು ಉಳಿಸುತ್ತದೆ. ಗಾಯವನ್ನು ತೋರಿಸಬಹುದು, ಬರಿದನ್ನು ತೋರಿಸುವುದು ಹೇಗೆ?

ಮನಶ್ಶಾಸ್ತ್ರಜ್ಞರು ಈ ವಿಷಯವನ್ನು ಇಪ್ಪತ್ತನೆಯ ಶತಮಾನದಲ್ಲಿ ಆಳವಾಗಿ ಪರಿಶೀಲಿಸಿದರು. ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಒಂದು ವರದಿಯನ್ನು ಸಲ್ಲಿಸಿದರು. ಎಳೆಯ ಮಗುವಿಗೆ ತಾಯಿಯ, ಇಲ್ಲವೆ ತಾಯಿಯಂತೆ ನೋಡಿಕೊಳ್ಳುವವರ, ನಿರಂತರವಾದ ಆಪ್ತ ಸಂಬಂಧ ಮಾನಸಿಕ ಆರೋಗ್ಯಕ್ಕೆ ಅವಶ್ಯಕವೆಂದು ಅವರು ಅದರಲ್ಲಿ ಪ್ರತಿಪಾದಿಸಿದರು. ಅಮೆರಿಕದ ಹ್ಯಾರಿ ಹಾರ್ಲೋ ಎಂಬ ವಿಜ್ಞಾನಿ ಮಂಗದ ಮರಿಗಳ ಮೇಲೆ ನಡೆಸಿದ ಪ್ರಯೋಗದ ಫಲವನ್ನು 1958ರಲ್ಲಿ ಪ್ರಕಟಿಸಿದರು. ತಾಯಿಯಿಂದ ಬೇರ್ಪಡಿಸಿದ ಮರಿಗಳ ಮುಂದೆ ಎರಡು ಕೃತಕ ತಾಯಿಗಳನ್ನು ಇರಿಸಲಾಗಿತ್ತು. ಒಂದು ಬರಿಯ ತಂತಿಯದು; ಇನ್ನೊಂದು ಮೆತ್ತನೆಯ ಬಟ್ಟೆ ಹೊದಿಸಿದ್ದು. ಹಾಲು ತಂತಿಯ ತಾಯಿಯಲ್ಲಿ ಮಾತ್ರ ದೊರೆಯುತ್ತಿದ್ದಾಗಲೂ ಮರಿಗಳು ಹಾಲು ಕುಡಿದು ಮತ್ತೆ ಬಟ್ಟೆಯ ತಾಯಿಯನ್ನೇ ತಬ್ಬಿಕೊಂಡು ಹೆಚ್ಚು ಹೊತ್ತು ಕಳೆಯುತ್ತಿದ್ದವು. ಹಾಲೊಂದೇ ಸಾಲದು, ಆಸರೆಯೂ ಬೇಕು ಎಂಬುದನ್ನು ಆ ಮೂಕಪ್ರಾಣಿಗಳು ತೋರಿಸಿಕೊಟ್ಟವು. ಸಮಾಧಿಗಳ ಕ್ಷೇತ್ರ ಆರ್ಹಾಳಿಗೆ ತಂತಿಯ ತಾಯಿಯಾಯಿತು ಎಂದರೆ ತಪ್ಪಾಗದು.

ಆಸರೆ ದೊರೆಯದ ಮನಸ್ಸು ತನ್ನನ್ನು ಉಳಿಸಿಕೊಳ್ಳಲು ಬೇರೆ ದಾರಿಗಳನ್ನು ಹುಡುಕುತ್ತದೆ. ಆರ್ಹಾ ಕಂಡುಕೊಂಡ ದಾರಿ ಅಧಿಕಾರದ್ದು. ಸಮಾಧಿಗಳ ಕೆಳಗೆ ನೆಲದೊಳಗೆ ಒಂದು ಮಹಾಗುಹೆಯೂ ಚಕ್ರವ್ಯೂಹದಂಥ ಸುರಂಗಗಳೂ ಇವೆ. ಆ ಗುಹೆಯಲ್ಲಿ ದೀಪ ಹಚ್ಚುವುದು ನಿಷಿದ್ಧ. ಕೈಯಿಂದ ಗೋಡೆ ಸವರುತ್ತ, ತಿರುವುಗಳನ್ನು ಎಣಿಸುತ್ತ ಅವಳು ಆ ಕತ್ತಲೆಯ ದಾರಿಗಳನ್ನು ಕಲಿಯುತ್ತಾಳೆ. ಅದು ತನ್ನ ರಾಜ್ಯ, ಅಲ್ಲಿ ತನಗೆ ಸಮಾನರಿಲ್ಲ ಎಂಬ ಹೆಮ್ಮೆ ಅವಳಲ್ಲಿ ಬೆಳೆಯುತ್ತದೆ. ಪ್ರೀತಿಸುವವರಿಲ್ಲದಿದ್ದರೆ ಹೆದರುವವರಾದರೂ ಇರಲಿ ಎಂದು ಬಯಸುವುದು ಇಂಥ ಮನಸ್ಸಿನ ಸ್ವಭಾವ. ಗರ್ವದಂತೆ ಕಾಣುವುದು ಎಷ್ಟೋ ವೇಳೆ ಏಕಾಂತದ ಮೇಲೆ ಹೊದ್ದ ಕಂಬಳಿ.

ಈ ಅಧಿಕಾರದ ಬೆಲೆ ಬೇಗನೆ ತಿಳಿಯುತ್ತದೆ. ಮೂವರು ಬಂದಿಗಳನ್ನು ದೇವತೆಗಳಿಗೆ ಬಲಿಯಾಗಿ ಕಳುಹಿಸಲಾಗಿದೆ. ಅವರ ಮರಣದ ರೀತಿಯನ್ನು ಇನ್ನೂ ಬಾಲಿಕೆಯಾದ ಆರ್ಹಾಳೇ ನಿರ್ಧರಿಸಬೇಕು. ಕಠೋರಳಾದ ಹಿರಿಯ ಅರ್ಚಕಿ ಕೊಸ್ಸಿಲ್ ಎದುರಿಗೇ ನಿಂತಿದ್ದಾಳೆ. ಅನ್ನನೀರು ಕೊಡದೆ ಬಿಟ್ಟುಬಿಡಿ ಎಂದು ಆರ್ಹಾ ಆಜ್ಞಾಪಿಸುತ್ತಾಳೆ. ಬಾಯಿ ಆಜ್ಞೆ ಕೊಟ್ಟಿತು, ಮನಸ್ಸು ಒಪ್ಪಲಿಲ್ಲ. ಅವಳು ಕಾಯಿಲೆ ಬೀಳುತ್ತಾಳೆ. ನೀರು ತುಂಬಿದ ಪಾತ್ರೆಯನ್ನು ಹಿಡಿದು, ಬಾಯಾರಿದ ಯಾರನ್ನೋ ಹುಡುಕುತ್ತ, ಕತ್ತಲೆಯಲ್ಲಿ ನಡೆದು ನಡೆದು ಎಂದಿಗೂ ಅವರನ್ನು ತಲುಪಲಾರದಂಥ ಕನಸುಗಳು ಅವಳನ್ನು ಕಾಡುತ್ತವೆ. ಎಲ್ಲವೂ ನುಂಗಿಹೋಗಿದೆ ಎಂದು ನಂಬಿದ್ದವಳಲ್ಲಿ ನುಂಗಿಹೋಗದ ಏನೋ ಒಂದು ಉಳಿದಿತ್ತು ಎಂಬುದಕ್ಕೆ ಈ ಕನಸೇ ಸಾಕ್ಷಿ.

ಅದು ಉಳಿದದ್ದಾದರೂ ಹೇಗೆ? ಇದಕ್ಕೆ ಇಬ್ಬರು ಕಾರಣರು. ಒಬ್ಬ ಪರಿಚಾರಕನಾದ ಮನಾನ್. ರೂಪವಿಲ್ಲದವನು, ದೊಡ್ಡ ಬುದ್ಧಿಯಿಲ್ಲದವನು. ಆದರೆ ಹೆಸರು ಕಳೆದುಕೊಂಡ ಮಗುವನ್ನು ಮುದ್ದಿನ ಮಾತಿನಿಂದ ಸಂತೈಸಿದವನು ಅವನೊಬ್ಬನೇ. ಇನ್ನೊಬ್ಬಳು ಪೆಂಥೆ. ನಗುವುದು, ತಿನ್ನುವುದು, ಹರಟುವುದು ಅವಳಿಗೆ ಇಷ್ಟ. ದೇವತೆಗಳಲ್ಲಿ ಅವಳಿಗೆ ಅಷ್ಟಾಗಿ ನಂಬಿಕೆಯಿಲ್ಲ. ಎಲ್ಲರೂ ಒಂದೇ ರೀತಿ ಯೋಚಿಸಬೇಕಾಗಿಲ್ಲ ಎಂಬ ಅರಿವು ಆರ್ಹಾಳಿಗೆ ಮೊದಲು ಮೂಡಿದ್ದು ಈ ಗೆಳತಿಯಿಂದ. ಇವರು ಕೊಟ್ಟ ಅಕ್ಕರೆ ಹಿಡಿಯಷ್ಟು. ಆದರೂ ಒಲೆಯ ಬೂದಿಯಡಿಯಲ್ಲಿ ಕೆಂಡವೊಂದು ಉಳಿದರೆ ಬೆಳಗಿನ ಬೆಂಕಿಗೆ ಅಷ್ಟೇ ಸಾಕು.

ಆ ಕೆಂಡವನ್ನು ಊದಿದವನು ಗೆಡ್ ಎಂಬ ಮಾಂತ್ರಿಕ. ಎರಡು ತುಂಡಾಗಿ ಒಡೆದುಹೋದ ಪುರಾತನ ಕಡಗವೊಂದರ ಅರ್ಧಭಾಗ ಅವನಲ್ಲಿದೆ. ಉಳಿದರ್ಧವನ್ನು ಅರಸುತ್ತ ಅವನು ಆ ಗುಹೆಯನ್ನು ಹೊಕ್ಕಿದ್ದಾನೆ. ಅವನ ಊರುಗೋಲಿನ ಬೆಳಕಿನಲ್ಲಿ ಆರ್ಹಾ ತನ್ನ ಗುಹೆಯನ್ನು ಮೊದಲ ಬಾರಿ ಕಣ್ಣಾರೆ ಕಾಣುತ್ತಾಳೆ. ಗೋಡೆಗಳೆಲ್ಲ ಹರಳುಗಳಿಂದ ಥಳಥಳಿಸುತ್ತವೆ. ವರ್ಷಗಟ್ಟಲೆ ತಾನು ಕೈಯಿಂದ ಸವರಿದ ಜಾಗ ಇಷ್ಟು ಸುಂದರವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಅವನನ್ನು ಸುರಂಗಗಳಲ್ಲಿ ಸೆರೆಹಾಕುತ್ತಾಳೆ. ನಿಯಮದಂತೆ ಅವನು ಸಾಯಬೇಕು. ಆದರೆ ಈ ಸಲ ಅವಳು ನೀರು ಕೊಡುತ್ತಾಳೆ. ಕನಸಿನಲ್ಲಿ ತಲುಪದ ಪಾತ್ರೆ ಎಚ್ಚರದಲ್ಲಿ ಬಾಯಾರಿದವನನ್ನು ತಲುಪಿತು.

ಗೆಡ್ ಅವಳಿಗೆ ಕೊಟ್ಟ ಪ್ರತಿಫಲ ಹಣವಲ್ಲ, ಮಾಯಾವಿದ್ಯೆಯೂ ಅಲ್ಲ. ಅವನು ಅವಳನ್ನು ತೆನಾರ್ ಎಂದು ಕರೆದನು, ಅಷ್ಟೆ. ಹತ್ತು ವರ್ಷಗಳ ಕಾಲ ಅವಳನ್ನು ಎಲ್ಲರೂ ಪೀಠವಾಗಿ, ಪದವಿಯಾಗಿ ಕಂಡಿದ್ದರು. ಅವನು ವ್ಯಕ್ತಿಯಾಗಿ ಕಂಡನು. ಅವಳು ಮರುದಿನ ಎಚ್ಚರಗೊಳ್ಳುವುದು ತನ್ನ ಹೆಸರನ್ನು ತಾನೇ ಉಚ್ಚರಿಸುತ್ತ. ಉಪೇಕ್ಷಿತ ಮನಸ್ಸಿಗೆ ಬೇಕಾದ ಮೊದಲ ಔಷಧ ಕನಿಕರವಲ್ಲ, ಗುರುತಿಸುವಿಕೆ. ಆ ಮೇಲೆ ಬೇಕಾದುದು ನಂಬಿಕೆ. ಅವಳ ದಾರಿಯ ಜ್ಞಾನವಿಲ್ಲದೆ ಗೆಡ್ ಹೊರಬರಲಾರ. ಅವನ ಶಕ್ತಿಯಿಲ್ಲದೆ ಅವಳೂ ಹೊರಬರಲಾರಳು. ಇಬ್ಬರೂ ಒಬ್ಬರನ್ನೊಬ್ಬರು ನಂಬಿ ಹೊರಟಾಗ ಸಮಾಧಿಗಳು ಕುಸಿದು ಬೀಳುತ್ತವೆ. ಒಡೆದ ಕಡಗದ ಎರಡು ತುಂಡುಗಳು ಒಂದಾಗುವುದೂ ಆಗಲೇ.

ಸಾಮಾನ್ಯ ಅದ್ಭುತಕಥೆಯಾಗಿದ್ದರೆ ಇಲ್ಲಿಗೆ ಮಂಗಳ ಹಾಡಬಹುದಿತ್ತು. ಲೆ ಗ್ವಿನ್ ಹಾಗೆ ಮಾಡಲಿಲ್ಲ. ಹೊರಗೆ ಬಂದ ತೆನಾರ್ ಸಂತೋಷಕ್ಕಿಂತ ಹೆಚ್ಚಾಗಿ ದುಃಖವನ್ನು ಅನುಭವಿಸುತ್ತಾಳೆ. ಮನಾನ್ ಪಲಾಯನದ ವೇಳೆಯಲ್ಲಿ ಪ್ರಪಾತಕ್ಕೆ ಬಿದ್ದು ಸತ್ತಿದ್ದಾನೆ. ಮೂವರು ಬಂದಿಗಳ ಸಾವು ನೆನಪಿನಿಂದ ಮಾಸದು. ವ್ಯರ್ಥವಾದ ಬಾಲ್ಯ ಮರಳಿ ಬಾರದು. ಒಂದು ಗಳಿಗೆಯಲ್ಲಿ ಅವಳು ಕತ್ತಿ ಹಿಡಿದು ತನ್ನನ್ನು ಬಿಡಿಸಿದವನ ಬಳಿಗೇ ಹೋಗುತ್ತಾಳೆ, ಆದರೆ ಇರಿಯುವುದಿಲ್ಲ. ಇದು ಕೃತಘ್ನತೆಯಲ್ಲ. ಬಹುಕಾಲ ಮರಗಟ್ಟಿದ್ದ ಕೈಗೆ ರಕ್ತ ಹರಿಯತೊಡಗಿದಾಗ ಮೊದಲು ಅರಿವಾಗುವುದು ನೋವೇ. ಸೆರೆಯಲ್ಲಿ ಎಲ್ಲವನ್ನೂ ಬೇರೆಯವರು ನಿರ್ಧರಿಸುತ್ತಿದ್ದರು. ಸ್ವಾತಂತ್ರ್ಯದಲ್ಲಿ ತಾನೇ ನಿರ್ಧರಿಸಬೇಕು. ಸ್ವಾತಂತ್ರ್ಯವನ್ನು ಯಾರೂ ಉಡುಗೊರೆಯಾಗಿ ಕೊಡಲಾರರು, ಅದನ್ನು ತಾನೇ ಹೊರಬೇಕು, ಆ ಹೊರೆ ಭಾರವಾದುದು ಎಂಬುದನ್ನು ತೆನಾರ್ ಮೆಲ್ಲಮೆಲ್ಲನೆ ಕಲಿಯುತ್ತಾಳೆ.

ಈ ಕಥೆಗೆ ಇನ್ನೊಂದು ಮುಂದುವರಿಕೆಯಿದೆ. 1990ರಲ್ಲಿ ಲೆ ಗ್ವಿನ್ ‘ತೆಹಾನು’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಅದರಲ್ಲಿ ತೆನಾರ್ ನಡುವಯಸ್ಸಿನ ವಿಧವೆ, ಹಳ್ಳಿಯ ಒಕ್ಕಲುಗಿತ್ತಿ. ದುಷ್ಟರ ಕೈಯಲ್ಲಿ ಸಿಕ್ಕಿ, ಬೆಂಕಿಯಲ್ಲಿ ಬೆಂದು, ಮುಖ ಕೆಟ್ಟ ಒಂದು ಹೆಣ್ಣುಮಗುವನ್ನು ಎಲ್ಲರೂ ನೋಡಲು ಅಂಜುತ್ತಿರುವಾಗ ಅವಳು ಎತ್ತಿಕೊಂಡು ಮನೆಗೆ ತರುತ್ತಾಳೆ, ಹೆಸರಿಟ್ಟು ಕರೆಯುತ್ತಾಳೆ, ಪಕ್ಕದಲ್ಲಿ ಮಲಗಿಸಿಕೊಂಡು ಕಥೆ ಹೇಳುತ್ತಾಳೆ. ತನಗೆ ದೊರೆಯದೆ ಹೋದುದನ್ನೇ ಅವಳು ಇನ್ನೊಂದು ಜೀವಕ್ಕೆ ಎರೆಯುತ್ತಾಳೆ. ಉಪೇಕ್ಷೆಗೆ ಗುರಿಯಾದವರು ಉಪೇಕ್ಷಿಸುವವರೇ ಆಗಬೇಕೆಂಬ ನಿಯಮವಿಲ್ಲ ಎಂಬುದಕ್ಕೆ ತೆನಾರಳ ಬಾಳೇ ಉತ್ತರ.

ಮಹಾಸರ್ಪಗಳೂ ಮಾಂತ್ರಿಕರೂ ಇರುವ ಲೋಕ ಕಲ್ಪನೆಯದು. ಆದರೆ ಆ ಹುಡುಗಿಯ ಹಸಿವು ಕಲ್ಪನೆಯದಲ್ಲ. ತರಗತಿಯ ಮೂಲೆಯಲ್ಲಿ ಸುಮ್ಮನೆ ಕುಳಿತಿರುವ ಮಗುವಿನಲ್ಲಿ, ಎಲ್ಲರೊಡನೆ ಬಿರುಸಾಗಿ ನಡೆದುಕೊಳ್ಳುವ ಗೆಳೆಯನಲ್ಲಿ, ಒಂದೇ ಮನೆಯಲ್ಲಿದ್ದೂ ಮಾತಿಲ್ಲದೆ ದಿನ ಕಳೆಯುವ ಅಜ್ಜಿಯಲ್ಲಿ ಅದು ಅಡಗಿರಬಹುದು. ಅದನ್ನು ತೀರಿಸಲು ಮಾಂತ್ರಿಕನ ಊರುಗೋಲು ಬೇಕಾಗಿಲ್ಲ. ಅವರ ಹೆಸರು ಹಿಡಿದು ಕರೆದು, ಹೇಗಿದ್ದೀರಿ ಎಂದು ಕೇಳಿ, ಬರುವ ಉತ್ತರಕ್ಕಾಗಿ ಕಾದು ನಿಲ್ಲುವಷ್ಟು ಬಿಡುವು ಇದ್ದರೆ ಸಾಕು.