ದಣಿಯದ ದಾಳ

ಕಳೆದ ಹತ್ತಿ ಬಿಡಿಸುವ ಕಾಲದಲ್ಲಿ, ದೇವದುರ್ಗ ತಾಲ್ಲೂಕಿನ ಮಸರಕಲ್ಲಿನಲ್ಲಿರುವ ನಮ್ಮ ಹಳೆಯ ಮನೆಗೆ ಹೋಗಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಅಣ್ಣನ ಮಗ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಮಾತಿಲ್ಲದೆ ಕುಳಿತಿದ್ದ. ಶನಿವಾರ ಕೂಲಿಯವರಿಗೆ ಬಟವಾಡೆ ಮಾಡಲೆಂದು ಅವನ ಖಾತೆಯಲ್ಲಿ ಅಣ್ಣ ಇರಿಸಿದ್ದ ಹಣದಲ್ಲಿ ಹದಿನಾಲ್ಕೂವರೆ ಸಾವಿರ ರೂಪಾಯಿ ರಾತ್ರಿ ಬೆಳಗಾಗುವುದರೊಳಗೆ ಕರಗಿತ್ತು. ಹುಡುಗ ಇಸ್ಪೀಟು ಆಡಿರಲಿಲ್ಲ, ಓಸಿ ಚೀಟಿ ಬರೆಸಿರಲಿಲ್ಲ. ಹಣ ಹೋದ ಗಳಿಗೆಯಲ್ಲಿ ಅವನು ನಿದ್ರಿಸುತ್ತಿದ್ದ. ಆಡಿದ್ದು ಒಂದು ತಂತ್ರಾಂಶ.

ಕರ್ನಾಟಕದಲ್ಲಿ ಕ್ರಿಪ್ಟೊ ಮತ್ತು ಜೂಜು ಎಂಬ ಎರಡು ಪದಗಳು ಒಟ್ಟಿಗೆ ಬಂದೊಡನೆ 2020ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ಬಂಧನ, ಅದರ ಹಿಂದೆ ಬಂದ ಬಿಟ್‌ಕಾಯಿನ್ ಹಗರಣದ ಗದ್ದಲ ನೆನಪಾಗುತ್ತವೆ. ಅಲ್ಲಿದ್ದ ಆರೋಪ ಪೋಕರ್ ತಾಣಗಳಿಗೆ ಕನ್ನ ಹಾಕಿದ್ದು. ನಾನು ಹೇಳಹೊರಟಿರುವ ಕಥೆಯಲ್ಲಿ ಕನ್ನವಿಲ್ಲ, ಮೋಸವೂ ಇಲ್ಲ. ನನ್ನನ್ನು ಹೆಚ್ಚು ಕಾಡುವುದು ಅದೇ.

ದಾಳದ ತಾಣಗಳ ಆಟ ಬಹಳ ಸರಳ. ಕ್ರಿಪ್ಟೊ ಹಣವನ್ನು ಪಣವಾಗಿಟ್ಟು ಗುಂಡಿ ಒತ್ತಿದರೆ ಒಂದು ಸಂಖ್ಯೆ ಉರುಳುತ್ತದೆ. ಸಾಮಾನ್ಯ ಮಾದರಿಯಲ್ಲಿ ಗೆಲ್ಲುವ ಸಾಧ್ಯತೆ ನೂರಕ್ಕೆ 49.5, ಗೆದ್ದರೆ ಇಟ್ಟ ಹಣ ಇಮ್ಮಡಿ. ಉಳಿದ ಅರೆಪಾಲಿನಲ್ಲಿಯೇ ಮನೆಯವನ ಶೇ 1ರ ಲಾಭ ಅಡಗಿದೆ. 2012ರಲ್ಲಿ ಬಂದ ಸತೋಶಿಡೈಸ್ ಇಂತಹ ತಾಣಗಳಿಗೆ ಹಾದಿ ಹಾಕಿತು. ಮರುವರ್ಷ ಜುಲೈನಲ್ಲಿ ಅದು 1,26,315 ಬಿಟ್‌ಕಾಯಿನ್‌ಗಳಿಗೆ ಮಾರಾಟವಾಯಿತು. ಸಣ್ಣ ಶೇಕಡಾವಾರಿಗೆ ಅಷ್ಟು ಬೆಲೆ!

ಸದಾ ಗುಂಡಿ ಒತ್ತುತ್ತಾ ಕೂರುವುದು ಬೇಸರದ ಕೆಲಸ. ಅದಕ್ಕಾಗಿಯೇ ಡೈಸ್‌ಬಾಟ್‌ನಂತಹ ಮುಕ್ತ ತಂತ್ರಾಂಶಗಳು ಹುಟ್ಟಿದವು. ಅವುಗಳ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಸೋತರೆ ಪಣವನ್ನು ಎಷ್ಟು ಪಟ್ಟು ಏರಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಸೂಚಿಸಿ ಮಲಗಿದರೆ ಸಾಕು. ಇನ್ನು ದಾಳದ ಮಾತು. ತಾಣವು ತನ್ನ ಗುಪ್ತಬೀಜದ ಗಣಿತೀಯ ಮುದ್ರೆಯನ್ನು ಆಟಕ್ಕೆ ಮುನ್ನವೇ ಆಟಗಾರನ ಕೈಗೆ ಕೊಟ್ಟಿರುತ್ತದೆ. ಆಮೇಲೆ ಬೀಜವನ್ನು ಬಹಿರಂಗಪಡಿಸಿದಾಗ ಪ್ರತಿಯೊಂದು ಉರುಳನ್ನೂ ತಾಳೆ ನೋಡಬಹುದು. ಧರ್ಮರಾಯನಿಗೆ ಶಕುನಿಯನ್ನು ದೂರುವ ಅವಕಾಶವಾದರೂ ಇತ್ತು. ಈ ಆಟದಲ್ಲಿ ದೂರಲು ಶಕುನಿಯೇ ಇಲ್ಲ.

"ಕಾಕಾ, ಕೋಡ್‌ನಾಗ ಏನೂ ತಪ್ಪಿಲ್ಲ, ನಾನೇ ಪೂರಾ ಓದೀನಿ" ಎಂದ ಹುಡುಗ. ನಿಜ, ತಪ್ಪಿರಲಿಲ್ಲ. ಅವನು ಸೂಚಿಸಿದ್ದು ಮಾರ್ಟಿಂಗೇಲ್ ಎಂಬ ಹಳೆಯ ಉಪಾಯ. ಮೊದಲ ಪಣ 1 ರೂಪಾಯಿ. ಸೋತರೆ 2, ಮತ್ತೆ ಸೋತರೆ 4, 8, 16. ಎಂದಾದರೊಮ್ಮೆ ಗೆದ್ದೇ ಗೆಲ್ಲುತ್ತೇವೆ, ಗೆದ್ದೊಡನೆ ಹಿಂದಿನ ನಷ್ಟವೆಲ್ಲ ತುಂಬಿ 1 ರೂಪಾಯಿ ಉಳಿಯುತ್ತದೆ. ಸತತ 14 ಸೋಲುಗಳನ್ನು ತಾಳಲು ಬೇಕಾದದ್ದು 16,383 ರೂಪಾಯಿ; ಅವನು ಹಾಕಿದ್ದು 16,400. ಸತತ 14 ಬಾರಿ ಸೋಲುವ ಸಾಧ್ಯತೆ ಸುಮಾರು 14,250ರಲ್ಲಿ ಒಂದು ಎಂದು ಲೆಕ್ಕವನ್ನೂ ಹಾಕಿದ್ದ. ಎಂಜಿನಿಯರಿಂಗ್ ಓದುವ ಹುಡುಗ, ಲೆಕ್ಕ ಸರಿಯಾಗಿಯೇ ಇತ್ತು.

ಅವನು ಗಮನಿಸದೆ ಬಿಟ್ಟದ್ದು ಯಂತ್ರದ ವೇಗವನ್ನು. ಸೆಕೆಂಡಿಗೆ ಒಂದು ಉರುಳಿನಂತೆ ಎಂಟು ಗಂಟೆಯ ನಿದ್ರೆಯಲ್ಲಿ 28,800 ಉರುಳುಗಳು. ಒಂದೊಂದು ಗೆಲುವಿಗೂ ಹೊಸ ಸರಣಿ ಆರಂಭವಾಗುವುದರಿಂದ ರಾತ್ರಿಯೊಂದಕ್ಕೆ 14,000ಕ್ಕೂ ಮಿಕ್ಕ ಸರಣಿಗಳು. ಹದಿನಾಲ್ಕು ಸಾವಿರಕ್ಕೊಮ್ಮೆ ಬರುವ ಆಪತ್ತು ಸರಾಸರಿ ಪ್ರತಿ ರಾತ್ರಿಯೂ ಒಮ್ಮೆ ಬಾಗಿಲು ತಟ್ಟುತ್ತದೆ ಎಂದಾಯಿತು. ಬರುವವರೆಗೆ ಒಂದೊಂದೇ ರೂಪಾಯಿಯಾಗಿ 14,249 ಕೂಡಿಸಿದರೂ ಬಂದಾಗ ಒಮ್ಮೆಲೇ 16,383 ಹೊರಡುತ್ತದೆ. ಅದೃಷ್ಟ ಸರಾಸರಿಯ ವೇಳಾಪಟ್ಟಿಯನ್ನೂ ಪಾಲಿಸುವುದಿಲ್ಲ. ರಾತ್ರಿ 11ಕ್ಕೆ ಆರಂಭಿಸಿ, ಅರ್ಧ ಗಂಟೆಯಲ್ಲಿ 900 ರೂಪಾಯಿ ಲಾಭ ಕಂಡು ಹುಡುಗ ಸಂತೋಷದಿಂದ ಮಲಗಿದ. ಹನ್ನೆರಡರ ಹೊತ್ತಿಗೆ 14 ಸೋಲುಗಳು ಸಾಲಾಗಿ ಬಂದವು. ಮುಂದಿನ ಪಣಕ್ಕೆ ಹಣ ಸಾಲದೆ ತಂತ್ರಾಂಶ ವಿಧೇಯವಾಗಿ ನಿಂತುಕೊಂಡಿತ್ತು.

ನಮ್ಮ ಭಾಗಕ್ಕೆ ಬಾಜಿ ಹೊಸದಲ್ಲ. ನಾಗರ ಪಂಚಮಿಯಲ್ಲಿ ಇಷ್ಟು ಎಸೆತಕ್ಕೆ ನಿಂಬೆಹಣ್ಣು ಮುಂದಿನ ಊರು ಮುಟ್ಟಬೇಕೆಂದು ಪಣ ಕಟ್ಟುವುದನ್ನು ಬಾಲ್ಯದಲ್ಲಿ ಕಂಡಿದ್ದೇನೆ. ಅಲ್ಲಿ ತೋಳು ಸೋಲುತ್ತಿತ್ತು, ಹೊತ್ತು ಮುಳುಗುತ್ತಿತ್ತು. ಮನೆಗಳನ್ನು ಮುರಿದ ಮಟ್ಕಾದಲ್ಲಿಯೂ ಓಪನ್, ಕ್ಲೋಸ್ ಎಂದು ಅಂಕಿಗಾಗಿ ಕಾಯಬೇಕು. ಆ ಕಾಯುವಿಕೆಯಲ್ಲಿ ಹೆಂಡತಿಯ ಬೈಗುಳಕ್ಕೂ ಸಾಲಗಾರನ ತಗಾದೆಗೂ ಸ್ವಲ್ಪ ಎಡೆಯಿರುತ್ತದೆ. ನಿಮಿಷಕ್ಕೊಂದರಂತೆ ಕೈಯಿಂದಲೇ ದಾಳ ಉರುಳಿಸಿದ್ದರೆ ಆ 28,800 ಉರುಳುಗಳಿಗೆ ಹಗಲು ರಾತ್ರಿ ಸೇರಿ 20 ದಿನ ಬೇಕಾಗುತ್ತಿತ್ತು. ಅಷ್ಟರಲ್ಲಿ ಅಣ್ಣ ಒಮ್ಮೆಯಾದರೂ ಇಣುಕುತ್ತಿದ್ದ.

ಕಾನೂನಿನ ಕೈ ಇಲ್ಲಿಗೆ ಅಷ್ಟಾಗಿ ಎಟಕುವುದಿಲ್ಲ. ರಾಜ್ಯ ಸರ್ಕಾರದ 2021ರ ನಿಷೇಧದ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಯನ್ನು ಅಂಗೀಕರಿಸಿತು. ಆಡಿಸುವವರಿಗೆ 3 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿಯವರೆಗೆ ದಂಡ. ಆದರೆ ತಾಣ ಯಾವುದೋ ದ್ವೀಪದಲ್ಲಿರುತ್ತದೆ, ಹಣ ಬ್ಯಾಂಕನ್ನು ಬಳಸಿಕೊಂಡು ಹೋಗುವುದಿಲ್ಲ. ತಂತ್ರಾಂಶವನ್ನೇ ನಿಷೇಧಿಸಬೇಕೆಂಬ ಮಾತು ನನಗಂತೂ ಒಪ್ಪಿಗೆಯಿಲ್ಲ. ಅದೇ ಹತ್ತು ಸಾಲುಗಳು ಪಾಠವನ್ನೂ ಹೇಳಬಲ್ಲವು.

ಆ ಮಧ್ಯಾಹ್ನ ನಾವಿಬ್ಬರೂ ಕುಳಿತು ಹಣವಿಲ್ಲದ ದಾಳವೊಂದನ್ನು ಬರೆದೆವು. ಅದೇ 1 ರೂಪಾಯಿ, ಅದೇ 16,400. ಲ್ಯಾಪ್‌ಟಾಪ್ ನೂರು ರಾತ್ರಿಗಳನ್ನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆಡಿ ಮುಗಿಸಿತು. ಅರುವತ್ತಕ್ಕೂ ಹೆಚ್ಚು ರಾತ್ರಿಗಳು ಬೆಳಗು ಕಾಣಲಿಲ್ಲ. ಹುಡುಗ ಬೀಜ ಬದಲಿಸಿ ಮತ್ತೊಮ್ಮೆ ಓಡಿಸಿದ, ಮಗದೊಮ್ಮೆ ಓಡಿಸಿದ.

ಶನಿವಾರ ಸಂಜೆ ಬಟವಾಡೆ ನಡೆಯಿತು. ಕೊರತೆ ಬಿದ್ದ ಹಣವನ್ನು ನಾನು ತುಂಬಿದೆ. ಅಪ್ಪನಿಗೆ ಹೇಳುವ ಕೆಲಸವನ್ನು ಅವನಿಗೇ ಬಿಟ್ಟೆ. ಅಂಗಳದಲ್ಲಿ ಸಾಲಾಗಿ ಕುಳಿತ ಹೆಣ್ಣುಮಕ್ಕಳು ಹತ್ತಿಯ ಸಿಪ್ಪೆ ತರಚಿದ ಬೆರಳುಗಳಿಂದ ನೋಟುಗಳನ್ನು ಎರಡೆರಡು ಸಲ ಎಣಿಸಿಕೊಂಡರು. ಲೆಕ್ಕದ ಪುಸ್ತಕ ಹಿಡಿದಿದ್ದ ಹುಡುಗ, ಕೊನೆಯವಳು ಎದ್ದು ಹೋಗುವವರೆಗೂ ತಲೆ ಎತ್ತಲಿಲ್ಲ. ಆಮೇಲೆ ಪುಸ್ತಕ ಮುಚ್ಚಿ ಅಣ್ಣನಿದ್ದ ಕೊಟ್ಟಿಗೆಯ ಕಡೆ ನಡೆದ.